ಆರಾಮ ಎಂಬ ಉತ್ತರ

ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಓದುವವರಿಗೆ ಒಂದು ನಿಯಮವಿದೆ. ರೋಗಿಗಳನ್ನು ಎಷ್ಟೇ ಚೆನ್ನಾಗಿ ನೋಡಿಕೊಳ್ಳಿ, ವಾರ್ಡಿನಲ್ಲಿ ಓಡಾಡಿ ಎಷ್ಟೇ ಚಪ್ಪಲಿ ಸವೆಸಿ, ಯಾವುದಾದರೂ ವೈದ್ಯರ ಸಮ್ಮೇಳನದಲ್ಲಿ ಮೈಕಿನ ಮುಂದೆ ನಿಂತು ನಿಮ್ಮದೇ ಒಂದು ಅಧ್ಯಯನವನ್ನು ಮಂಡಿಸದಿದ್ದರೆ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಇದಕ್ಕೆ ನಾವು ಪೇಪರ್ ಓದುವುದು ಅನ್ನುತ್ತೇವೆ. ಅವ್ವನಿಗೆ ಇದನ್ನು ಮೊದಲ ಸಲ ಹೇಳಿದಾಗ, ಪೇಪರನ್ನು ನಿಮ್ಮಪ್ಪನೂ ದಿನಾ ಮುಂಜಾನೆ ಓದುತ್ತಾರೆ, ಅವರಿಗೆ ಯಾರೂ ಡಿಗ್ರಿ ಕೊಡಲಿಲ್ಲವಲ್ಲ ಎಂದಳು.

ಪೇಪರಿನ ಜೊತೆಗೆ ಅಧ್ಯಯನವೊಂದನ್ನು ಪೋಸ್ಟರ್ ಮಾಡಿ ಗೋಡೆಗೆ ಹಚ್ಚಿ ತೋರಿಸುವುದೂ ಕಡ್ಡಾಯ. ಎರಡನೇ ವರ್ಷದಲ್ಲಿ ಅಂಥದೊಂದನ್ನು ಮಾಡಿಕೊಂಡು ಬೇರೆ ಊರಿನ ಸಮ್ಮೇಳನಕ್ಕೆ ಹೋಗಿದ್ದೆ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಕೊಂಡ ಹೊಸ ಸೀರೆ ಉಟ್ಟು ಪೋಸ್ಟರಿನ ಪಕ್ಕದಲ್ಲಿ ಗೊಂಬೆಯ ಹಾಗೆ ನಿಂತೆ. ನನಗೆ ಸಿಕ್ಕ ಜಾಗ ಊಟದ ಕೋಣೆಯಿಂದ ಕೈ ತೊಳೆಯಲು ಹೋಗುವ ಓಣಿ. ಊಟವಾದ ಮೇಲೆ ಒಬ್ಬ ಹಿರಿಯ ವೈದ್ಯರು ನನ್ನ ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತರು. ಏನು ಕೇಳುತ್ತಾರೋ ಎಂದು ನಾನು ಉಸಿರು ಬಿಗಿಹಿಡಿದು ಕಾದೆ. ಕೈ ಒರೆಸಿಕೊಳ್ಳಲು ಟವೆಲ್ ಎಲ್ಲಿದೆ ಎಂದು ಕೇಳಿದರು. ಹಾಗೂ ಹೀಗೂ ಪೋಸ್ಟರ್ ಲೆಕ್ಕಕ್ಕೆ ಬಂತು, ಪೇಪರ್ ಉಳಿಯಿತು. ಮೂರನೇ ವರ್ಷದ ಚಳಿಗಾಲದಲ್ಲಿ ರಾಜ್ಯದ ವೈದ್ಯರ ಸಮ್ಮೇಳನ ನಮ್ಮ ಧಾರವಾಡದಲ್ಲೇ ನಡೆಯುವುದಿತ್ತು. ಅದರ ಮುಂದಿನದು ನಮ್ಮ ಪರೀಕ್ಷೆ ಮುಗಿದ ಮೇಲೆ. ಅಲ್ಲಿಗೆ ನನಗಿದ್ದದ್ದು ಅದೊಂದೇ ಅವಕಾಶ, ಅದು ತಪ್ಪಿದರೆ ಪರೀಕ್ಷೆಯೂ ತಪ್ಪಿದ ಹಾಗೆ.

ನನಗೆ ಗೈಡ್ ಆಗಿದ್ದವರು ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯ ಹಿರಿಯ ಪ್ರೊಫೆಸರ್. ನಾವು ಅವರನ್ನು ಬರೀ ಸರ್ ಎನ್ನುತ್ತಿದ್ದೆವು. ಧಾರವಾಡದ ಮಗ್ಗುಲಿನ ಕೆಲಗೇರಿಯಲ್ಲಿ ಹುಟ್ಟಿ ಬೆಳೆದವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಪೂರ್ತಿ ನಂಬಿ ಬದುಕಿದವರು. ಮುಂಜಾನೆ ರೌಂಡ್ಸಿಗೆ ಬಂದರೆ ಪ್ರತಿ ಮಂಚದ ಕಾಲ್ದೆಸೆಯಲ್ಲಿ ನಿಂತು ಒಂದೇ ಮಾತು ಕೇಳುವರು: "ಆರಾಮ?" ರೋಗಿ "ಆರಾಮ್ರಿ ಸಾಹೇಬ್ರ" ಎನ್ನುವಷ್ಟರಲ್ಲಿ ಅವರ ಕಣ್ಣು ಅವನ ಕೊರಳಿನ ನರ, ಕಾಲಿನ ಬಾವು, ಉಗುರಿನ ಬಣ್ಣ ಎಲ್ಲವನ್ನೂ ನೋಡಿ ಮುಗಿಸಿರುತ್ತಿತ್ತು. ಔಷಧಿ ಬದಲಿಸಿ ಮುಂದಿನ ಮಂಚಕ್ಕೆ ಹೊರಟುಬಿಡುವರು. ಈ ರೌಂಡ್ಸಿಗೆ ನಾವು ಪಿ.ಜಿ.ಗಳು ಆರಾಮ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದೆವು. ಯಾವ ಸ್ಟೇಷನ್ನಿನಲ್ಲೂ ಹೆಚ್ಚು ಹೊತ್ತು ನಿಲ್ಲದ ಗಾಡಿ.

ನಾನು ಆರಿಸಿಕೊಂಡ ವಿಷಯ ಹೃದಯ ಸೋತವರದು. ಹೃದಯದ ಕಸುವು ಕಡಿಮೆಯಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಬಾಯುತ್ತದೆ, ಮಲಗಿದರೆ ದಮ್ಮು ಹತ್ತುತ್ತದೆ. ಆಸ್ಪತ್ರೆಗೆ ಬರುತ್ತಾರೆ, ನೀರು ಇಳಿಸಿ ಕಳಿಸುತ್ತೇವೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಬಾವು ಹೊತ್ತುಕೊಂಡು ಬರುತ್ತಾರೆ. ಮನೆಗೆ ಹೋದವರಿಗೆ ವಾರಕ್ಕೊಮ್ಮೆ ಡಾಕ್ಟರೇ ಫೋನ್ ಮಾಡಿ ವಿಚಾರಿಸಿದರೆ ಹೀಗೆ ಮರಳಿ ಬರುವುದು ತಪ್ಪೀತೇ ಎಂಬುದು ನನ್ನ ಪ್ರಶ್ನೆ. ಸರ್ ಹೂಂ ಎಂದರು. ಅವರಿಂದ ಅಷ್ಟು ಬಂದರೆ ಅದು ಭಾಷಣ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಯಾರೋ ಪುಣ್ಯಾತ್ಮರು ಅಚ್ಚ ಪುಸ್ತಕದ ಕನ್ನಡಕ್ಕೆ ಇಳಿಸಿಕೊಟ್ಟಿದ್ದರು. ಮೊದಲ ಪ್ರಶ್ನೆ, "ಇಂದು ತಾವು ಹೇಗೆ ಭಾವಿಸುತ್ತಿದ್ದೀರಿ?" ನಾನು ಮೊದಲು ಫೋನ್ ಮಾಡಿದ ಹೆಣ್ಣುಮಗಳು, "ಭಾವಾರೇನ್ರಿ? ಅವರು ಸಂತಿಗೆ ಹೋಗ್ಯಾರ್ರಿ" ಎಂದಳು. ನಗು ತಡೆಯಲಾಗದೆ ಫೋನನ್ನು ಎದೆಗೆ ಒತ್ತಿಕೊಂಡೆ. ಇದನ್ನು ಸರ್‌ಗೆ ಹೇಳಿದಾಗ ಅವರ ಮೀಸೆಯೂ ಅಲುಗಿತು. ಪ್ರಶ್ನೆಯನ್ನು ಹೊಡೆದು ಹಾಕಿ, ತಮ್ಮ ಪೆನ್ನಿನಿಂದ ಮೇಲೆ ಬರೆದರು: ಆರಾಮ ಅದೀರೇನ್ರಿ? ಅಧ್ಯಯನಗಳನ್ನು ಪರಿಶೀಲಿಸುವ ಆಸ್ಪತ್ರೆಯ ಸಮಿತಿಯ ಒಪ್ಪಿಗೆಯೂ ಸಿಕ್ಕಿತು. ನಮ್ಮ ಸೀಮೆಯ ಮಾತಿನಲ್ಲಿ ನಮ್ಮ ಸೀಮೆಯ ಅಧ್ಯಯನ ಎಂದು ನನಗೆ ಭಾರಿ ಹೆಮ್ಮೆ.

ಮುಂದಿನ ದಾರಿ ಸರಳವಾಗಿತ್ತು. ಆರಾಮ ಇಲ್ಲ ಎಂದವರಿಗೆ ನಾಳೆಯೇ ಆಸ್ಪತ್ರೆಗೆ ಬರ್ರಿ ಎಂದು ಹೇಳಿ ಫೋನ್ ಇಡುವುದು. ಆರಾಮ ಎಂದವರಿಗೆ ಉಳಿದ ಪ್ರಶ್ನೆಗಳು: ಉಪ್ಪು ಎಷ್ಟು, ಗುಳಿಗೆ ತಪ್ಪಿಸಿದಿರಾ, ಮನೆಗೆಲಸ ಏನೇನು ಮಾಡುತ್ತೀರಿ. ಈ ಮನೆಗೆಲಸದ ಪ್ರಶ್ನೆ ಇದೆಯಲ್ಲ, ಅದು ದೊಡ್ಡ ಬಾಗಿಲು. ಅದರೊಳಗಿಂದ ಎಮ್ಮೆ ಬರುತ್ತಿತ್ತು, ಹೊಲ ಬರುತ್ತಿತ್ತು, ಮುನಿಸಿಕೊಂಡು ತವರಿಗೆ ಹೋದ ಸೊಸೆ ಬರುತ್ತಿದ್ದಳು. ನನಗೂ ಕೇಳುವ ಚಪಲ. ಊಟದ ಬಿಡುವಿನಲ್ಲಿ ಡ್ಯೂಟಿ ರೂಮಿನ ಕಿಟಕಿಯ ಹತ್ತಿರ ಕೂತು ಒಬ್ಬೊಬ್ಬರ ಜೊತೆಗೂ ಹರಟುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಹರಟುತ್ತಿದ್ದವಳು ಸುಳ್ಳದ ಅಜ್ಜಿ. ಸುಳ್ಳ ಎಂಬುದು ಹುಬ್ಬಳ್ಳಿಯ ಹತ್ತಿರದ ಒಂದು ಹಳ್ಳಿ. ಮಳೆಗಾಲದಲ್ಲಿ ನಮ್ಮ ವಾರ್ಡಿನಲ್ಲಿದ್ದು ಹೋದವಳು. ಗಂಡ ತೀರಿದ ಮೇಲೆ ಹೊಲವನ್ನೆಲ್ಲ ತಾನೇ ನಿಂತು ಮಾಡಿಸಿದವಳು, ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ಗಂಡಸಿನ ಹಾಗೆ ಕೆಮ್ಮು. ಈಗ ಮಗ, ಸೊಸೆ, ಮೊಮ್ಮಕ್ಕಳು ಇರುವ ತುಂಬಿದ ಮನೆ. ನನ್ನನ್ನು ಡಾಕ್ಟ್ರವ್ವ ಎನ್ನುತ್ತಿದ್ದಳು. ಮೊದಲ ಫೋನೊಂದನ್ನು ಬಿಟ್ಟರೆ ಪ್ರತಿ ವಾರ ನಾನು "ಆರಾಮ ಅದೀರೇನ್ರಿ ಅಜ್ಜಿ?" ಅನ್ನುವುದು, ಅವಳು "ಆರಾಮ ಅದೇನಿ ಬೇ" ಅನ್ನುವುದು. ಆಮೇಲೆ ಜೋಳದ ಸಂಗತಿ. ಬಿತ್ತಿದ್ದು, ಮೊಳೆತದ್ದು, ಮೊಳಕಾಲೆತ್ತರ ಬಂದದ್ದು, ಮಗ ತನ್ನ ಮಾತು ಕೇಳದೆ ತಡಮಾಡಿ ಕಳೆಗೆ ಎಡೆಕುಂಟೆ ಹೊಡೆದದ್ದು. ನಾನು ಧಾರವಾಡದ ಓಣಿಯಲ್ಲಿ ಬೆಳೆದ ಮಿಷನ್ ಶಾಲೆಯ ಮೇಷ್ಟರ ಮಗಳು. ಜೋಳವನ್ನು ರೊಟ್ಟಿಯಾಗಿ ಮಾತ್ರ ಕಂಡವಳು. ಆ ವರ್ಷ ಒಂದು ಬೆಳೆಯನ್ನು ಬಿತ್ತಿದ ದಿನದಿಂದ ತೆನೆ ಕಟ್ಟುವವರೆಗೆ ಫೋನಿನಲ್ಲೇ ಕಂಡೆ.

ಫಲಿತಾಂಶ ನೋಡಿ ನಾನೇ ದಂಗಾದೆ. ಫೋನ್ ಹೋದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆರಾಮ. ಅಧ್ಯಯನದ ಸಾರವನ್ನು ಒಂದು ಪುಟದಲ್ಲಿ ಬರೆದು ಸಮ್ಮೇಳನಕ್ಕೆ ಕಳಿಸಿದೆವು, ಆಯ್ಕೆಯಾಯಿತು. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರೂ ಬಂತು. ಅವ್ವ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡು, ಕೇಕು ಮಾಡಿ ಓಣಿಗೆಲ್ಲ ಹಂಚಿದಳು.

ಹೀಗಿರುವಾಗ ಒಂದು ದಿನ ಹೊರರೋಗಿಗಳ ವಿಭಾಗದಲ್ಲಿ ಬೆಂಚಿನ ಮೇಲೆ ಸುಳ್ಳದ ಅಜ್ಜಿ ಕೂತಿದ್ದಳು. ಕಾಲು ಎರಡೂ ಕುಂಬಳಕಾಯಿಯ ಹಾಗೆ ಊದಿದ್ದವು. ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲುತ್ತಿದ್ದಳು. ಎರಡು ದಿನದ ಹಿಂದಷ್ಟೇ ಫೋನಿನಲ್ಲಿ ಆರಾಮ ಎಂದಿದ್ದವಳು. ಬಾವು ಯಾವಾಗಿನಿಂದ ಎಂದು ಕೇಳಿದೆ, ಅಮಾವಾಸ್ಯೆಗೆ ಮೊದಲಿನಿಂದ ಎಂದಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮತ್ಯಾಕೆ ನನ್ನ ಮುಂದೆ ಸುಳ್ಳು ಹೇಳಿದಿ ಎಂದು ರೇಗಿದೆ. ಅಜ್ಜಿಗೆ ಬೇಸರವೇನೂ ಆಗಲಿಲ್ಲ. ನನ್ನ ಬಿಳಿ ಕೋಟಿನ ತುದಿ ಹಿಡಿದು ಹತ್ತಿರ ಕೂರಿಸಿಕೊಂಡಳು.

"ಮೊದಲನೇ ಸಲ ಫೋನ್ ಮಾಡಿದಾಗ ನಾ ಖರೇನ ಹೇಳಿದ್ದೆ. ಸ್ವಲ್ಪ ದಮ್ಮ ಹತ್ತೈತಿ ಅಂದೆ. ನೀ ಏನ ಅಂದಿ? ನಾಳೆ ಬರ್ರಿ ಅಂದಿ, ಟಕ್ ಅಂತ ಇಟ್ಟಬಿಟ್ಟಿ. ಮುಂದಿನ ವಾರ ಆರಾಮ ಅಂದ್ರ ಜ್ವಾಳ ಹೆಂಗೈತಿ ಅಂತ ಕೇಳಿದಿ. ಮನಿ ತುಂಬ ಮಂದಿ ಅದಾರ ಬೇ. ಉಂಡೀ ಅಂತಾರ, ಗುಳಿಗಿ ನುಂಗಿದೀ ಅಂತಾರ. ಜ್ವಾಳ ಹೆಂಗೈತಿ ಅಂತ ನನ್ನ ಯಾರ ಕೇಳ್ತಾರ ಈಗ?"

ಅವಳನ್ನು ವಾರ್ಡಿಗೆ ಸೇರಿಸಿದೆವು, ನೀರಿಳಿಯಿತು, ಕೆಲವು ದಿನಗಳಲ್ಲಿ ಮನೆಗೆ ಹೋದಳು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅಧ್ಯಯನದ ಕಾಗದದಲ್ಲಿ ಅವಳ ಉತ್ತರ ಸರಿಯಾಗಿಯೇ ದಾಖಲಾಗಿತ್ತು. ಮೈ ಕೆಟ್ಟವರಿಗೆ ಒಂದು ಮಾತು, ಗಟ್ಟಿ ಇದ್ದವರಿಗೆ ಹತ್ತು ಮಾತು ಎಂಬ ನಿಯಮ ನಮ್ಮದೇ. ಅದನ್ನು ಅವಳು ಒಂದೇ ವಾರದಲ್ಲಿ ಅರ್ಥಮಾಡಿಕೊಂಡಿದ್ದಳು, ನಾವು ಮಾಡಿಕೊಂಡಿರಲಿಲ್ಲ.

ಆ ಭಾನುವಾರ ಅವ್ವನ ಜೊತೆ ಚರ್ಚಿಗೆ ಹೋದೆ. ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಎಲ್ಲರೂ ಕೈ ಕುಲುಕುತ್ತಾರೆ. "ಆರಾಮ?" "ದೇವರ ದಯಾದಿಂದ ಆರಾಮ." ಚಿಕ್ಕಂದಿನಿಂದ ಕೇಳಿದ್ದೇ. ಅಂದು ಮಾತ್ರ ಒಬ್ಬೊಬ್ಬರನ್ನೂ ನಿಂತು ನೋಡಿದೆ. ನಮಗೆ ಗಾಯನ ಕಲಿಸಿದ ಟೀಚರ್ ಬಂದರು. ಅವರ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆರಾಮ ಎಂದರು, ನಕ್ಕರು, ಮುಂದೆ ಹೊರಟರು. ನಾನು ಹಿಂದೆಯೇ ಹೋಗಿ, ನಿದ್ದೆ ಸರಿಯಾಗಿ ಬರುತ್ತದೆಯೇ ಟೀಚರ್ ಎಂದು ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಚರ್ಚಿನ ಅಂಗಳ ಖಾಲಿಯಾಗುವವರೆಗೂ ಬಿಡಲಿಲ್ಲ.

ನಮ್ಮ ಕಡೆ ಆರಾಮ ಎನ್ನುವುದು ನಮಸ್ಕಾರ ಇದ್ದ ಹಾಗೆ. ನಮಸ್ಕಾರಕ್ಕೆ ಯಾರಾದರೂ ಇಲ್ಲ ಎನ್ನುತ್ತಾರೆಯೇ? ಹೊರಗಿನವರಾಗಿದ್ದರೆ ಈ ಪ್ರಶ್ನೆಯನ್ನು ಆರಿಸುತ್ತಲೇ ಇರಲಿಲ್ಲ. ನಾವು ಈ ನೆಲದವರು, ಈ ಮಾತಿನವರು ಎಂದು ಬೀಗಿ ನೆಟ್ಟಗೆ ಹೋಗಿ ಗುಂಡಿಗೆ ಬಿದ್ದಿದ್ದೆವು. ರೌಂಡ್ಸಿನಲ್ಲಿ ಇದರಿಂದ ತೊಂದರೆ ಇರಲಿಲ್ಲ. ಬಾಯಿ ಆರಾಮ ಎಂದರೂ ಕಾಲಿನ ಬಾವು ಸರ್ ಕಣ್ಣಿಗೆ ಬೀಳುತ್ತಿತ್ತು. ಫೋನಿಗೆ ಕಣ್ಣು ಎಲ್ಲಿಂದ ಬರಬೇಕು?

ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಮೊದಲು ತಮಾಷೆಗೆ, "ಸುಳ್ಳದಾಕಿ ಖರೇ ಹೇಳ್ಯಾಳ ನೋಡು" ಎಂದರು. ನಾನು ಅಳುವುದೊಂದು ಬಾಕಿ. ಸಾರ ಆಗಲೇ ಅಚ್ಚಾಗಿತ್ತು. ಇದ್ದದ್ದನ್ನೇ ಓದಿದರೆ ಯಾರಿಗೂ ಗೊತ್ತಾಗುವುದಿಲ್ಲ, ಪರೀಕ್ಷೆಗೆ ದಾರಿ ಸಲೀಸು. ಹಿಂದಕ್ಕೆ ತೆಗೆದುಕೊಂಡರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

"ಇಷ್ಟು ವರ್ಷ ನಾನೂ ಅದನ್ನ ಕೇಳೇನಿ," ಎಂದರು ಸರ್ ಕೊನೆಗೆ. "ಇನ್ನೂ ದಿನ ಅದಾವ. ಮತ್ತ ಕೇಳು, ಬ್ಯಾರೆ ರೀತಿ ಕೇಳು. ಏನ ಬರತೈತಿ ಅದನ್ನ ಓದು. ಸಮ್ಮೇಳನದವರು ಬ್ಯಾಡ ಅಂದ್ರ ಬ್ಯಾಡ."

ಹೊಸ ಪ್ರಶ್ನೆಗಳನ್ನು ಇಬ್ಬರೂ ಕೂತು ಮಾಡಿದೆವು. ತಲೆದಿಂಬು ಎಷ್ಟು ಹಾಕಿಕೊಂಡು ಮಲಗಿದಿರಿ? ಕಾಲುಂಗುರ ಬಿಗಿಯಾಗಿವೆಯೇ? ನೀರು ತರುವಾಗ ನಡುವೆ ನಿಲ್ಲಬೇಕಾಯಿತೇ? ಇನ್ನೊಂದು ಬದಲಾವಣೆ ನಾನು ಹಟಮಾಡಿ ಸೇರಿಸಿದೆ. ಆರಾಮ ಇಲ್ಲದವರ ಜೊತೆಗೇ ಹೆಚ್ಚು ಹೊತ್ತು ಮಾತಾಡುವುದು. ಸಮಿತಿ ಮತ್ತೊಮ್ಮೆ ಒಪ್ಪಿತು. ಸಮ್ಮೇಳನದವರು ಅರೆಮನಸ್ಸಿನಿಂದ, ಶೀರ್ಷಿಕೆ ಬದಲಿಸುವಂತಿಲ್ಲ, ಉಳಿದದ್ದು ಆ ದಿನದ ಅಧ್ಯಕ್ಷರ ಮರ್ಜಿ ಎಂದರು.

ಮತ್ತೆ ಎಲ್ಲರಿಗೂ ಫೋನ್ ಮಾಡಿದೆ. ಒಂದೊಂದೇ ಬಣ್ಣ ಕಳಚಿತು. ಹಳೇ ಹುಬ್ಬಳ್ಳಿಯ ಒಬ್ಬ ಕಾಕಾ ವಾರವಾರವೂ ಆರಾಮ ಎಂದು ಹೇಳುತ್ತ ಬಂದವರು. ದಿಂಬಿನ ಪ್ರಶ್ನೆ ಕೇಳಿದಾಗ, ದಿಂಬು ಯಾಕ್ರಿ, ನಾನು ಕೂತೇ ನಿದ್ದೆ ಮಾಡುತ್ತೇನೆ ಎಂದರು. ಹಾಗಾದರೆ ಆರಾಮ ಎಂದದ್ದು ಯಾಕೆ ಎಂದರೆ, "ಕುಂತರ ಆರಾಮ ಐತ್ರಿ" ಎಂದರು. ನಗಬೇಕೋ ಅಳಬೇಕೋ ತಿಳಿಯದೆ, ಅವರನ್ನು ಆ ಸಂಜೆಯೇ ಕರೆಸಿಕೊಂಡೆವು. ನನ್ನ ಅಂದದ ಫಲಿತಾಂಶ ಬಿಸಿಲಿಗಿಟ್ಟ ಬೆಣ್ಣೆಯಾಯಿತು. ಅಜ್ಜಿಗೆ ಮಾತ್ರ ನಾನು ಹೇಳಿಬಿಟ್ಟಿದ್ದೆ, ಇನ್ನು ಆರಾಮ ಇಲ್ಲ ಎಂದರೂ ಜೋಳದ ಮಾತು ಕೇಳುತ್ತೇನೆ, ಮೊದಲು ಅದನ್ನೇ ಕೇಳುತ್ತೇನೆ ಎಂದು. ನೋಡೂಣು ಎಂದಿದ್ದಳು. ನನ್ನ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ, ಅದು ನನಗೆ ನೋಯುತ್ತಿತ್ತು.

ಸಮ್ಮೇಳನದ ಮುಂಜಾನೆ. ಧಾರವಾಡದ ದೊಡ್ಡ ಸಭಾಭವನ, ಹೊರಗೆ ಉಪ್ಪಿಟ್ಟು, ಒಳಗೆ ಕೊರೆಯುವ ಎ.ಸಿ. ಚಹಾಕ್ಕೆ ಬಿಡುವ ಮೊದಲಿನ ಸರದಿ ನನ್ನದು. ಸರ್ ಮೂರನೇ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರು ಬೇರೆ ಊರಿನ ಗಟ್ಟಿ ಮನುಷ್ಯರು. ಹೆಸರು ಕರೆದಾಗ ಎದ್ದು ಬಾರದವರನ್ನು ಗೈರು ಎಂದು ಬರೆದು ಮುಂದಿನವರನ್ನು ಕರೆಯುತ್ತಿದ್ದರು. ನನ್ನ ಕಣ್ಣೆದುರೇ ಒಬ್ಬ ಹುಡುಗನ ಸರದಿ ಹೀಗೆ ಹೋಯಿತು.

ಇನ್ನೇನು ನನ್ನ ಸರದಿ ಬರಬೇಕು, ಫೋನಿನಲ್ಲಿ ಒಂದು ಮಿಸ್ಡ್ ಕಾಲ್. ಸುಳ್ಳದ ಅಜ್ಜಿ. ಅಷ್ಟು ತಿಂಗಳಲ್ಲಿ ಅವಳಾಗಿ ಒಮ್ಮೆಯೂ ಫೋನ್ ಮಾಡಿದವಳಲ್ಲ. ಬಾಗಿಲ ಹೊರಗೆ ಬಂದು ಅವಳಿಗೆ ಫೋನ್ ಹಚ್ಚಿದೆ. ನಾನು ಏನೂ ಕೇಳುವ ಮೊದಲೇ ಅವಳು ಹೇಳಿದಳು, "ಡಾಕ್ಟ್ರವ್ವಾ, ಇವತ್ತ ಆರಾಮ ಇಲ್ಲ." ಪ್ರತಿ ಶಬ್ದಕ್ಕೂ ಒಂದು ಉಸಿರು. ಹಿಂದಿನಿಂದ ಟಂಟಂ ಎಂಬ ಮೂರು ಗಾಲಿಯ ಗಾಡಿಯ ಸದ್ದು. ಆಂಬುಲೆನ್ಸಿಗೆ ಕಾಯುವುದಕ್ಕಿಂತ ಇದೇ ಲಗೂ ಎಂದು ಮಗ ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟಿದ್ದ. ಸೊಸೆ ಪಕ್ಕದಲ್ಲಿ ಕೂತು ಫೋನನ್ನು ಅಜ್ಜಿಯ ಕಿವಿಗೆ ಹಿಡಿದಿದ್ದಳು. ಅವರನ್ನು ಲೈನಿನಲ್ಲೇ ಇರಿಸಿ, ಪಕ್ಕದಲ್ಲಿದ್ದ ಗೆಳತಿಯ ಫೋನಿನಿಂದ ವಾರ್ಡಿನ ಜೂನಿಯರಿಗೆ ಹೇಳಿ ಆಕ್ಸಿಜನ್, ಇಂಜೆಕ್ಷನ್ ತಯಾರಿಡಿಸಿದೆ. ವೈದ್ಯೆಯಾಗಿ ನಾನು ಅಲ್ಲಿಂದ ಮಾಡಬಹುದಾದದ್ದು ಅಲ್ಲಿಗೆ ಮುಗಿಯಿತು.

"ಫೋನ್ ಇಡಬ್ಯಾಡ ಬೇ," ಎಂದಳು ಅಜ್ಜಿ. "ಅಂಜಿಕಿ ಬರಾಕತ್ತೈತಿ."

"ಇಡೂದಿಲ್ಲ," ಎಂದೆ.

ಒಳಗಿನಿಂದ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಪೇಪರ್ ಹೋದರೆ ಪರೀಕ್ಷೆ, ಪರೀಕ್ಷೆ ಹೋದರೆ ಒಂದು ವರ್ಷ, ಅಪ್ಪನ ಮುಖ, ಹಂಚಿದ ಕೇಕು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆದರೆ ಇವಳ ಮೇಲೆ ಫೋನ್ ಇಡುವುದು ನನ್ನಿಂದಾಗುತ್ತಿರಲಿಲ್ಲ. ಒಮ್ಮೆ ಖರೇ ಹೇಳಿದ್ದಕ್ಕೆ ಟಕ್ಕೆಂದು ಇಟ್ಟಿದ್ದೆ. ಎರಡನೇ ಸಲ ಇಟ್ಟರೆ ಅವಳು ಇನ್ನು ಯಾವ ಡಾಕ್ಟರಿಗೂ ಖರೇ ಹೇಳಲಾರಳು.

ಸರ್ ನನ್ನನ್ನು ಹುಡುಕಿಕೊಂಡು ಹೊರಗೆ ಬಂದರು, ಮುಖ ಕೆಂಪಾಗಿತ್ತು. ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಫೋನನ್ನು ನೋಡಿದರು, ನನ್ನನ್ನು ನೋಡಿದರು, ಕೈ ಚಾಚಿದರು.

"ಕೊಡು. ನೀ ಹೋಗು."

"ಸರ್, ಆಕಿ ಮಾತಾಡಬಾರದು, ದಮ್ಮ ಹತ್ತತೈತಿ. ನೀವ ಮಾತಾಡಬೇಕು. ಆಕಿ ಹೂಂ ಅಂತಾಳ."

"ಏನ ಮಾತಾಡ್ಲಿ?"

ಐಸಿಯುವಿನಲ್ಲಿ ನಿಂತ ಹೃದಯಗಳ ಮುಂದೆಯೂ ಆ ಮುಖದಲ್ಲಿ ಗಾಬರಿ ಕಂಡವಳಲ್ಲ ನಾನು. ಆಗ ಕಂಡೆ. "ಏನರೆ ಹೇಳ್ರಿ ಸರ್, ಗಾಡಿ ದವಾಖಾನಿ ಮುಟ್ಟೂತನಕ," ಎಂದು ಫೋನನ್ನು ಅವರ ಕೈಯಲ್ಲಿಟ್ಟು ಒಳಗೆ ಓಡಿದೆ. ಅಧ್ಯಕ್ಷರು ಗೈರು ಎಂದು ಬರೆಯಲು ಪೆನ್ನು ಎತ್ತಿದ್ದರು.

ನಾನು ಓದಿದೆ. ಮೊದಲೇ ಹೇಳಿಬಿಟ್ಟೆ, ಕಾರ್ಯಕ್ರಮ ಪಟ್ಟಿಯಲ್ಲಿರುವ ಶೀರ್ಷಿಕೆ ತಪ್ಪು, ಅದರ ಕೆಳಗಿರುವ ಸಾರವೂ ತಪ್ಪು, ನಾವು ಒಂದು ಮರ್ಯಾದೆಯ ಮಾತನ್ನು ರೋಗದ ಲಕ್ಷಣ ಎಂದುಕೊಂಡೆವು ಎಂದು. ಸಭೆಯ ಇಂಗ್ಲಿಷಿನ ನಡುವೆ ಆ ಒಂದು ಶಬ್ದವನ್ನು ಮಾತ್ರ ಕನ್ನಡದಲ್ಲೇ ಬಿಟ್ಟೆ. ಕೂತರೆ ಆರಾಮ ಎಂದ ಕಾಕಾನ ಮಾತು ಹೇಳಿದಾಗ ಹಿಂದಿನ ಸಾಲುಗಳಲ್ಲಿ ನಗು ಎದ್ದು ಅಲ್ಲೇ ಅಡಗಿತು. ಹಾಗಾದರೆ ನಿಮ್ಮ ಅಧ್ಯಯನ ಸೋತಿತಲ್ಲ ಎಂದು ಅಧ್ಯಕ್ಷರು ಕೇಳಿದರು. ಮೊದಲರ್ಧ ಸೋತಿದೆ, ಎರಡನೇ ಅರ್ಧಕ್ಕೆ ಇನ್ನೂ ದಿನ ಬೇಕು ಎಂದೆ. ಅವರು ಏನೋ ಬರೆದುಕೊಂಡು, ಸರಿ, ಮುಂದಿನವರು ಎಂದರು. ಬಹುಮಾನ ಬೇರೆಯವರಿಗೆ ಹೋಯಿತು. ಓದಿದ್ದಕ್ಕೆ ಪ್ರಮಾಣಪತ್ರ ಸಿಕ್ಕಿತು, ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಓದುತ್ತಿದ್ದಷ್ಟು ಹೊತ್ತೂ ನನ್ನ ಕಣ್ಣು ಹಿಂಬಾಗಿಲಿನ ಗಾಜಿನ ಮೇಲೆ. ಗಾಜಿನಾಚೆ ಸರ್, ಫೋನ್ ಕಿವಿಗೆ ಹಚ್ಚಿ, ಅತ್ತಿಂದಿತ್ತ ಇತ್ತಿಂದತ್ತ. ಅವರ ತುಟಿಗಳು ಅಲುಗುತ್ತಲೇ ಇದ್ದವು.

ಹೊರಗೆ ಬಂದಾಗ ಅವರು ಗೋಡೆಗೆ ಆತು ನಿಂತಿದ್ದರು. ಚಹಾದ ಗದ್ದಲದಲ್ಲಿ ದನಿ ಎತ್ತರಿಸಿದ್ದರು.

"...ಕತ್ತಲಾಗಾಕ ಬಂತು. ನಮ್ಮವ್ವ ಕಂದೀಲ ಹಿಡಕೊಂಡ ಮುಂದ, ನಾ ಆಕಿ ಸೆರಗ ಹಿಡಕೊಂಡ ಹಿಂದ. ಕೆಲಗೇರಿ ಕೆರಿ ದಂಡಿಗುಂಟ ಹೊಂಟ್ವಿ. ಎಮ್ಮಿ ಎಲ್ಲೂ ಇಲ್ಲ. ಗಬ್ಬದ ಎಮ್ಮಿ ಅದು. ಹೂಂ ಅನ್ರವಾ."

ಹತ್ತಿರ ಹೋದೆ. ಅವರು ಸುಮ್ಮನಿರು ಎಂದು ಕೈ ಎತ್ತಿ, ಫೋನನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿದರು. ಒಳಗಿನಿಂದ ದಾರದೆಳೆಯಷ್ಟು ಸಣ್ಣಗೆ ಕೇಳಿಸಿತು, "ಹೂಂ." ನನ್ನ ಕಣ್ಣು ತುಂಬಿ ಬಂದವು. ಅಷ್ಟು ಜನರ ನಡುವೆ ನಿಂತು ಸೀರೆಯ ಸೆರಗಿನಿಂದ ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಅಷ್ಟರಲ್ಲಿ ಫೋನಿನಲ್ಲಿ ಬೇರೆ ಗದ್ದಲ ಎದ್ದಿತು. ಸ್ಟ್ರೆಚರಿನ ಗಾಲಿ, ನಮ್ಮ ಜೂನಿಯರಿನ ಗಂಟಲು. ಫೋನ್ ಕಟ್ಟಾಯಿತು. ಸರ್ ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಮುಟ್ಟಿದಳು ಎಂದು ನನ್ನ ಕೈಗೆ ಕೊಟ್ಟರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಪೇಪರ್ ಹೇಗಾಯಿತು ಎಂದು ಕೇಳಿದರು, ಆಯಿತು ಸರ್ ಎಂದೆ. ಒಂದು ಅಕ್ಷರವೂ ಕೇಳಲಿಲ್ಲ ನೋಡು ನಾನು ಎಂದು, ತಣ್ಣಗಾದ ಉಪ್ಪಿಟ್ಟಿನ ಕಡೆ ಹೊರಟರು.

ಮರುದಿನ ಮುಂಜಾನೆ ರೌಂಡ್ಸ್. ಸರ್ ಮುಂದೆ, ನಾವು ಪಿ.ಜಿ.ಗಳು, ಜೂನಿಯರುಗಳು, ನರ್ಸಮ್ಮಂದಿರು ಹಿಂದೆ. ಅಜ್ಜಿ ಮೂರು ದಿಂಬಿಗೆ ಒರಗಿ ಕೂತಿದ್ದಳು, ಮೂಗಿನಲ್ಲಿ ಆಕ್ಸಿಜನ್ ನಳಿಕೆ, ಹಣೆಗೆ ಆಗಲೇ ವಿಭೂತಿ. ರಾತ್ರಿ ಸಾಕಷ್ಟು ನೀರು ಇಳಿದಿತ್ತು. ಸರ್ ಕಾಲ್ದೆಸೆಯಲ್ಲಿ ನಿಂತರು. ಅಷ್ಟು ವರ್ಷದ ರೂಢಿ, ಬಾಯಿಂದ ತಾನಾಗಿಯೇ ಬಂತು.

"ಆರಾಮ?"

ಅಜ್ಜಿ ಅವರನ್ನು ನೇರ ನೋಡಿದಳು. ದನಿ ಕೇಳಿದ ಕೂಡಲೇ ಗುರುತು ಹಿಡಿದಿದ್ದಳು.

"ಇಲ್ರಿ ಸಾಹೇಬ್ರ, ಆರಾಮ ಇಲ್ಲ. ಎಮ್ಮಿ ಸಿಕ್ಕಿತೋ ಇಲ್ಲೋ ನೀವು ಹೇಳಲೇ ಇಲ್ಲ."

ಸರ್ ಅವಳ ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ನೋಡಿದರು, ಕೊರಳಿನ ನರ ನೋಡಿದರು, ಔಷಧಿ ಬರೆಸಿದರು. ಆಮೇಲೆ ಮಂಚದ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು, ಅವಳ ತಲೆದೆಸೆಗೆ ಕೂತರು. ಉಳಿದ ಮಂಚಗಳವರು ಅಂದು ಬಹಳ ಹೊತ್ತು ಕಾಯಬೇಕಾಯಿತು.